ಮುಟ್ಟಿಯೂ ಮುಟ್ಟದ ಲೋಹ

ಕಳೆದ ಬೇಸಗೆಯಲ್ಲಿ ತಿಕೋಟಾದ ವಿದ್ಯಾರ್ಥಿಯೊಬ್ಬನು ವಿಜಯಪುರದ ನಮ್ಮ ಪ್ರಯೋಗಶಾಲೆಗೆ ಹಳೆಯದೊಂದು ವಿಡಿಯೋ ಗೇಮ್ ಯಂತ್ರವನ್ನು ತಂದನು. ಒಣದ್ರಾಕ್ಷಿ ಮಾರಿದ ಹಣದಲ್ಲಿ ಅವನ ತಂದೆ ಹಿರಿಯ ಮಗನಿಗೆಂದು ಕೊಂಡುತಂದಿದ್ದ ವಸ್ತುವದು. ತಂದೆ ಈಗಿಲ್ಲ, ಯಂತ್ರ ಮಾತ್ರ ಅಟ್ಟದ ಮೇಲೆ ಉಳಿದಿತ್ತು. ಬಬಲೇಶ್ವರದಲ್ಲಿ ದುರಸ್ತಿಗೆ ಕೊಟ್ಟಾಗ ದೊರೆತ ಉತ್ತರವನ್ನು ಅವನು ಹೀಗೆ ಒಪ್ಪಿಸಿದನು: “ಇದು ಸತ್ತೈತಿ, ಒಗದು ಬಿಡು ಅಂದ್ರರಿ, ಸರ್.”

ಯಂತ್ರವು ನಿಜವಾಗಿ ಸತ್ತಿತ್ತೆ? ಚಾಲೂ ಮಾಡಿ ನೋಡಿದೆವು. ಆಟವೇನೋ ನಡೆಯಿತು; ಆದರೆ ಚಿತ್ರಗಳೆಲ್ಲ ಚೂರುಚೂರಾಗಿದ್ದುವು. ಈ ಲಕ್ಷಣವೇ ನಮಗೆ ದಾರಿ ತೋರಿಸಿತು.

ಇಂಥ ಯಂತ್ರಗಳ ಮೂಲವು ಜಪಾನಿನ ನಿಂಟೆಂಡೊ ಸಂಸ್ಥೆ 1983ರಲ್ಲಿ ಹೊರತಂದ ಫ್ಯಾಮಿಕಾಮ್. 1990ರ ದಶಕದಲ್ಲಿ ನಮ್ಮ ಪೇಟೆಗಳಿಗೆ ಬಂದ ಅನೇಕ ಯಂತ್ರಗಳು ಅದರ ಅನುಕರಣಗಳು. ಆಟವು ಕ್ಯಾಸೆಟ್ಟಿನೊಳಗಿನ ಚಿಪ್ಪಿನಲ್ಲಿ ಅಡಗಿರುವುದು. ಕ್ಯಾಸೆಟ್ಟಿನ ಅಂಚಿನಲ್ಲಿ 60 ಲೋಹದ ಪಟ್ಟಿಗಳಿವೆ. ಅವನ್ನು ಹಿಡಿಯಲು ಯಂತ್ರದ ಸ್ಲಾಟಿನಲ್ಲಿ ಅಷ್ಟೇ ಸ್ಪ್ರಿಂಗುಗಳಿವೆ. ಇವುಗಳಲ್ಲಿ 8 ಪಟ್ಟಿಗಳ ಮೂಲಕ ಆಟದ ಆಜ್ಞೆಗಳೂ ಬೇರೆ 8ರ ಮೂಲಕ ಚಿತ್ರದ ವಿವರಗಳೂ ಸಂಖ್ಯಾರೂಪದಲ್ಲಿ ಹರಿದುಬರುವುವು. 65 ಎಂಬ ಸಂಖ್ಯೆಯು ದ್ವಿಮಾನ ಪದ್ಧತಿಯಲ್ಲಿ 01000001. ಇದರಲ್ಲಿ 64ನ್ನು ಸೂಚಿಸುವ ಪಟ್ಟಿಯೊಂದು ಮುಟ್ಟದೆ, ಅದರ ಸ್ಥಾನದಲ್ಲಿ ಸೊನ್ನೆ ಬಂದಿತೆನ್ನಿ. ಉಳಿಯುವುದು ಕೇವಲ 1! ಆಜ್ಞೆ ಹೀಗೆ ಕೆಟ್ಟರೆ ಆಟವೇ ನಿಲ್ಲುವುದು. ಚಿತ್ರದ ವಿವರ ಕೆಟ್ಟರೆ ಚಿತ್ರ ಮಾತ್ರ ಛಿದ್ರವಾಗುವುದು. ಆದುದರಿಂದ ಯಂತ್ರದ ಮಿದುಳು ಸ್ವಸ್ಥವಾಗಿದೆ, ದೋಷವು ಚಿತ್ರದ ಪಟ್ಟಿಗಳಲ್ಲಿರಬೇಕೆಂದು ಊಹಿಸಿದೆವು.

ಲೋಹಕ್ಕೆ ಲೋಹ ತಗುಲಿಯೇ ಇತ್ತಲ್ಲ ಎಂದು ವಾಚಕರು ಕೇಳಬಹುದು. ಎರಡು ಜೋಳದ ತೆನೆಗಳನ್ನು ಒತ್ತಾಗಿ ಹಿಡಿದು ನೋಡಿರಿ. ದೂರಕ್ಕೆ ಅವು ಉದ್ದಕ್ಕೂ ಕೂಡಿದಂತೆ ಕಾಣುವುವು. ಹತ್ತಿರದಿಂದ ನೋಡಿದರೆ ಕೆಲವು ಕಾಳುಗಳು ಮಾತ್ರ ಕಾಳುಗಳನ್ನು ಮುಟ್ಟಿರುವುವು. ಒತ್ತಿದಷ್ಟೂ ಹೆಚ್ಚು ಕಾಳುಗಳು ಮುಟ್ಟುವುವು. ನುಣುಪಾದ ಲೋಹದ ಮೈಯೂ ಸೂಕ್ಷ್ಮದರ್ಶಕದಲ್ಲಿ ಹೀಗೆಯೇ ಉಬ್ಬುತಗ್ಗಾಗಿರುವುದು. ವಿದ್ಯುತ್ ಸ್ಪರ್ಶವನ್ನು ಆಳವಾಗಿ ಅಭ್ಯಸಿಸಿದವರಲ್ಲಿ ಸ್ವೀಡನ್ನಿನ ಭೌತವಿಜ್ಞಾನಿ ರಾಗ್ನರ್ ಹೋಮ್ ಪ್ರಮುಖರು. ಲೆಕ್ಕದ ಪ್ರಕಾರ, ತಾಮ್ರಕ್ಕೆ ತಾಮ್ರ 10 ಮೈಕ್ರೋಮೀಟರು ತ್ರಿಜ್ಯದ ಒಂದೇ ಬಿಂದುವಿನಲ್ಲಿ ಮುಟ್ಟಿದರೂ ಅಲ್ಲಿಯ ರೋಧ ಓಮಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ! ಹಾಗಾದರೆ ಬಿಂದುವಿನ ಕಿರಿದುತನ ತೊಡಕಲ್ಲ. ಧೂಳು, ಜಿಡ್ಡು, ಕಿಲುಬು ನಡುವೆ ಪೊರೆಯಂತೆ ನಿಂತಾಗ, ಅಥವಾ ಸ್ಪ್ರಿಂಗು ತನ್ನ ಬಿಗಿಯನ್ನು ಕಳೆದುಕೊಂಡಾಗ, ಆ ಒಂದು ಬಿಂದುವೂ ದೊರೆಯದು.

ವಿದ್ಯುತ್ತಿನ ಪ್ಲಗ್ಗನ್ನು ಕಿತ್ತು ಚಿಕಿತ್ಸೆಗೆ ತೊಡಗಿದೆವು. ಹುಡುಗನು ಮರಳುಕಾಗದವನ್ನು ಸಿದ್ಧವಾಗಿಟ್ಟುಕೊಂಡಿದ್ದನು, ಅದನ್ನು ತಡೆದೆನು. ಪಟ್ಟಿಗಳ ಮೇಲಿನ ರಕ್ಷಕ ಲೇಪವು ಬಹು ತೆಳುವು. ಅದನ್ನು ಕೆರೆದರೆ ಒಳಗಿನ ತಾಮ್ರ ಬಯಲಾಗಿ ಬೇಗ ಕಿಲುಬುವುದು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿದ ಬಟ್ಟೆಯಿಂದ ಅಂಚನ್ನು ಒರಸಿದಾಗ ಬಟ್ಟೆ ಕಪ್ಪಾಯಿತು. ಒಣಗಿದ ಮೇಲೆ ಕ್ಯಾಸೆಟ್ಟನ್ನು ಹಲವು ಸಲ ಸ್ಲಾಟಿಗೆ ಹಾಕಿ ತೆಗೆದೆವು. ಚಿತ್ರ ಬಹುಮಟ್ಟಿಗೆ ಸುಧಾರಿಸಿದರೂ ಕೆಲವು ಗೆರೆಗಳು ಉಳಿದುವು. ಇನ್ನೊಂದು ಕ್ಯಾಸೆಟ್ಟಿನಲ್ಲಿಯೂ ಅವೇ ಗೆರೆಗಳು! ಅಂದರೆ ತಪ್ಪು ಸ್ಲಾಟಿನದು. ಮತ್ತೆ ಪ್ಲಗ್ಗನ್ನು ಕಿತ್ತು ಭೂತಗನ್ನಡಿಯಲ್ಲಿ ನೋಡಲು, ಒಂದು ಸ್ಪ್ರಿಂಗು ಒಳಕ್ಕೆ ಬಾಗಿದ್ದುದು ಕಂಡಿತು. ಸೂಜಿಯ ಮೊನೆಯಿಂದ ಹುಡುಗನೇ ಅದನ್ನು ಮೆಲ್ಲನೆ ಎತ್ತಿದನು. ಈ ಸಲ ಚಿತ್ರ ನಿಚ್ಚಳವಾಗಿ ಮೂಡಿತು. ಅವನು ಬಹಳ ಹೊತ್ತು ಮಾತಾಡಲಿಲ್ಲ.

“ಅಣ್ಣ ಊದಿ ಹಾಕತಿದ್ದ, ಆವಾಗ ನಡೀತಿತ್ತಂತರಿ,” ಎಂದು ಆಮೇಲೆ ಕೇಳಿದನು. ಫಲ ಊದಿದ್ದರದಲ್ಲ, ತೆಗೆದು ಹಾಕಿದ್ದರದು. ಪ್ರತಿ ಸಲವೂ ಸ್ಪ್ರಿಂಗು ಪಟ್ಟಿಯನ್ನು ಉಜ್ಜಿ ಹೊಸ ಬಿಂದುವನ್ನು ಹುಡುಕಿಕೊಳ್ಳುವುದು. ಉಸಿರಿನ ತೇವವಾದರೋ ಕಿಲುಬಿಗೆ ನೆರವಾಗುವುದು.

ಟಾರ್ಚು, ರಿಮೋಟುಗಳ ಸೆಲ್ಲಿನ ತುದಿಯಲ್ಲಿಯೂ ಇದೇ ಕಥೆ. ನಿಮ್ಮ ಮನೆಯಲ್ಲಿ ಇಂಥದೊಂದು ನಿಂತಿದ್ದರೆ, ಬಿಸಾಡುವ ಮೊದಲು ಲೋಹಕ್ಕೆ ಲೋಹ ಮುಟ್ಟಿದೆಯೆ ಎಂದು ನೋಡಿರಿ.