ಆಜಾನೇಯಶಬ್ದವೂ ಅಶ್ವಕುಲನಿರ್ಣಯವೂ

ಅಮರಸಿಂಹನು ಕ್ಷತ್ರಿಯವರ್ಗದಲ್ಲಿ ಕುದುರೆಯ ವಿಷಯವನ್ನು ಹೇಳುವಾಗ ಎರಡು ಬಗೆಯ ಕುದುರೆಗಳನ್ನು ಬೇರೆಬೇರೆಯಾಗಿ ಎತ್ತಿ ಹೇಳಿರುವನು. ಆಜಾನೇಯ, ಕುಲೀನ ಎಂಬಿವು ಒಳ್ಳೆಯ ಕುಲದಲ್ಲಿ ಹುಟ್ಟಿದುದಕ್ಕೆ ಹೆಸರು; ವಿನೀತ, ಸಾಧುವಾಹಿ ಎಂಬಿವು ಚೆನ್ನಾಗಿ ಪಳಗಿ ಸವಾರನನ್ನು ಸುಖವಾಗಿ ಹೊರುವುದಕ್ಕೆ ಹೆಸರು. ಪಾಠಶಾಲೆಗಳಲ್ಲಿ ಈ ನಾಲ್ಕನ್ನೂ ‘ಉತ್ತಮಾಶ್ವ’ ಎಂಬ ಒಂದೇ ಅರ್ಥದಿಂದ ದಾಟಿಸಿಬಿಡುವುದುಂಟು. ಹಾಗೆ ಮಾಡಿದರೆ ಕೋಶಕಾರನು ಕಂಡ ಭೇದವೇ ಮರೆಯಾಗುತ್ತದೆ. ಕುಲವು ಹುಟ್ಟಿನಿಂದ ಬಂದುದು, ವಿನಯವು ಶಿಕ್ಷೆಯಿಂದ ಬಂದುದು. ಒಂದಿದ್ದ ಮಾತ್ರಕ್ಕೆ ಇನ್ನೊಂದು ಇರಲೇಬೇಕೆಂಬ ನಿಯಮವಿಲ್ಲ.

ಆಜಾನೇಯಶಬ್ದದ ವ್ಯುತ್ಪತ್ತಿಯಲ್ಲಿಯೇ ಈ ತೊಡಕು ಅಡಗಿದೆ. ‘ಆಜಾನ’ವೆಂದರೆ ಜನ್ಮ; ಸಜ್ಜನ್ಮವುಳ್ಳದ್ದು ಆಜಾನೇಯವೆಂಬುದು ಒಂದು ಪಕ್ಷ. ಅಶ್ವಶಾಸ್ತ್ರದ ಪರಂಪರೆಯಲ್ಲಿ ಬಂದಿರುವ ಮತ್ತೊಂದು ನಿರ್ವಚನವು ಇದನ್ನು ‘ಜ್ಞಾ’ ಧಾತುವಿಗೆ ಸೇರಿಸುತ್ತದೆ: ಶಕ್ತ್ಯಾಯುಧವು ಎದೆಯನ್ನು ಸೀಳಿದರೂ, ಹೆಜ್ಜೆಹೆಜ್ಜೆಗೆ ಎಡವುತ್ತಿದ್ದರೂ, ರಾವುತನ ಸಂಜ್ಞೆಯನ್ನು ಅರಿಯತಕ್ಕ ಕುದುರೆಯೇ ಆಜಾನೇಯ. ವ್ಯಾಕರಣಕ್ಕೆ ಮೊದಲನೆಯದು ಹೆಚ್ಚು ಒಪ್ಪುತ್ತದೆ. ಕುದುರೆಯನ್ನು ಏರುವವನಿಗೆ ಎರಡನೆಯದು. ಶುದ್ಧಕುಲದ ಸವಾರಿಯ ಕುದುರೆಯನ್ನು ಯಾವುದರಿಂದ ನಿರ್ಣಯಿಸತಕ್ಕದ್ದೆಂಬ ಪ್ರಶ್ನೆಗೆ ಇಂದಿನ ಅಶ್ವಪಾಲಕರು ಕೊಡುವ ಉತ್ತರಗಳೂ ಈ ಎರಡು ಪಕ್ಷಗಳಾಗಿಯೇ ಒಡೆದಿವೆ.

ಕುಲವನ್ನು ಬರೆದಿಡಬೇಕೆಂಬ ವಿಧಿ ಹೊಸದಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚುಮಾಡಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನ ಕರ್ತವ್ಯಗಳು ಹೇಳಲ್ಪಟ್ಟಿವೆ. ಲಾಯದ ಪ್ರತಿಯೊಂದು ಕುದುರೆಯನ್ನೂ ಅದರ ಕುಲ, ವಯಸ್ಸು, ಬಣ್ಣ, ಚಿಹ್ನ, ವರ್ಗ, ಬಂದ ಬಗೆ ಎಂಬ ಆರು ವಿಷಯಗಳೊಡನೆ ಆತನು ಲೆಕ್ಕಕ್ಕೆ ಬರೆಯಿಸಬೇಕು. ಇವುಗಳಲ್ಲಿ ಕುಲಕ್ಕೇ ಮೊದಲ ಸ್ಥಾನವಿರುವುದು ಗಮನಾರ್ಹ. ಅಲ್ಲಿಯೇ ಉತ್ತಮಾಶ್ವದ ಪ್ರಮಾಣವೂ ಇದೆ: ಮುಖ ೩೨ ಅಂಗುಲ, ಉದ್ದ ಐದು ಮುಖ, ಜಂಘೆ ೨೦ ಅಂಗುಲ, ಎತ್ತರ ನಾಲ್ಕು ಜಂಘೆ. ಅಂಗುಲವನ್ನು ಮುಕ್ಕಾಲು ಇಂಚೆಂದು ಹಿಡಿದರೆ ಮುಖವು ೨೪ ಇಂಚಾಗುತ್ತದೆ. ಇದು ಇಂದಿನ ಒಳ್ಳೆಯ ಸವಾರಿಯ ಕುದುರೆಯ ತಲೆಗೂ ಸರಿಹೋಗುವ ಅಳತೆ. ಎತ್ತರವು ೮೦ ಅಂಗುಲ, ಎಂದರೆ ೬೦ ಇಂಚಾಗುತ್ತದೆ. ಈಗ ಎತ್ತರವನ್ನು ಹೆಗಲ ಮೇಲಣ ಉಬ್ಬಿನವರೆಗೆ ಅಳೆದು ನಾಲ್ಕಿಂಚಿನ ‘ಹ್ಯಾಂಡ್’ ಎಂಬ ಮಾನದಿಂದ ಹೇಳುತ್ತಾರೆ. ೧೬ ಹ್ಯಾಂಡ್, ಎಂದರೆ ೬೪ ಇಂಚು, ಇದ್ದರೆ ಅದು ದೊಡ್ಡ ಕುದುರೆಯೇ ಸರಿ. ಕೌಟಿಲ್ಯನ ಉತ್ಸೇಧವು ಈ ಮಾನದಿಂದ ೧೫ ಹ್ಯಾಂಡ್ ಆಗುವುದರಿಂದ ಈ ಲೆಕ್ಕವೂ ಹೊಂದುತ್ತದೆ.

ಕನ್ನಡನಾಡಿನ ಗ್ರಂಥಕಾರರ ಒಲವು ಕುಲಕ್ಕಿಂತ ಲಕ್ಷಣದ ಕಡೆಗೆ. ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನ (೧೧೨೭–೧೧೩೮) ಮಾನಸೋಲ್ಲಾಸದ ವಾಜಿವಾಹ್ಯಾಲೀವಿನೋದದಲ್ಲಿ ಕುದುರೆಯ ದೇಶ, ಬಣ್ಣ, ಸುಳಿ, ನಡೆ ಮೊದಲಾದುವು ವಿಚಾರಿಸಲ್ಪಟ್ಟಿವೆ. ಸುಮಾರು ೧೪೦೦ರ ಅಭಿನವಚಂದ್ರನು ಕನ್ನಡದಲ್ಲಿಯೇ ಅಶ್ವವೈದ್ಯವನ್ನು ಬರೆದನು. ಇವು ಕೊಳ್ಳುವವನ, ಏರುವವನ, ಸಾಕುವವನ ಶಾಸ್ತ್ರಗಳು. ಇದಕ್ಕೆ ಕಾರಣ ವ್ಯಾಪಾರ. ಈ ನಾಡಿನ ಅರಸರಿಗೆ ಒಳ್ಳೆಯ ಕುದುರೆಗಳು ಕಡಲಾಚೆಯಿಂದ ಬರುತ್ತಿದ್ದುವು. ವಿಜಯನಗರದರಸನು ಹೋರ್ಮುಜಿನ ಕುದುರೆಗಳನ್ನೂ ನಾಡಕುದುರೆಗಳನ್ನೂ ಸೇರಿಸಿ ವರ್ಷಕ್ಕೆ ೧೩,೦೦೦ವನ್ನು ಕೊಂಡು, ಮೇಲಾದುವನ್ನು ತನ್ನ ಲಾಯಕ್ಕೆ ಇಟ್ಟುಕೊಂಡು ಉಳಿದುವನ್ನು ನಾಯಕರಿಗೆ ಹಂಚುತ್ತಿದ್ದನೆಂದು ಪೋರ್ಚುಗೀಸಿನ ನುನಿಜನು ಬರೆದಿರುವನು. ಹಡಗಿನಿಂದ ಇಳಿದ ಪ್ರಾಣಿಯ ತಂದೆತಾಯಿಗಳನ್ನು ಸಾಹಣಿಯು ಯಾರಿಂದ ಕೇಳಿ ತಿಳಿಯಬೇಕು? ಕಣ್ಣಿಗೆ ಕಾಣುವ ಸುಳಿಯನ್ನೇ ನೆಚ್ಚಬೇಕಾಯಿತು.

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರಿನ ಸುಲ್ತಾನರು ಕುಣಿಗಲಿನಲ್ಲಿ ಕುದುರೆಗಳನ್ನು ಬೆಳೆಸತೊಡಗಿದರು. ಬೆಂಗಳೂರಿನಿಂದ ಹೆಬ್ಬಗೋಡಿಯ ಮೇಲೆ ಹಾದುಹೋಗುವ ದಾರಿಯ ಮುಂದಿನ ಕೊನೆಯಲ್ಲಿ, ಹೊಸೂರಿನ ಮತ್ತಿಗಿರಿಯಲ್ಲಿ, ೧೮೨೪ರಲ್ಲಿ ಸೇನೆಗೆ ಕುದುರೆಗಳನ್ನೊದಗಿಸುವ ಕ್ಷೇತ್ರವು ಸ್ಥಾಪಿತವಾಯಿತು. ಅದು ಅನಂತರ ಪಶುಪಾಲನಕ್ಷೇತ್ರವಾಗಿ, ಕಾಠಿಯಾವಾಡಿ ಕುದುರೆಗಳನ್ನೂ ಸಾಕುತ್ತ ಬಂದಿದೆ. ಕುಣಿಗಲಾದರೋ ಪಂದ್ಯದ ಥರೋಬ್ರೆಡ್ ಕುದುರೆಗಳ ತವರಾಯಿತು. ಅರ್ಧಹಗಲಿನ ದಾರಿಯ ಅಂತರದಲ್ಲಿರುವ ಈ ಎರಡು ಲಾಯಗಳಲ್ಲಿ ‘ಶುದ್ಧ’ಶಬ್ದಕ್ಕೆ ಎರಡು ಬೇರೆ ಅರ್ಥಗಳಿವೆ.

ಥರೋಬ್ರೆಡ್ಡಿಗೆ ವಂಶಾವಳಿಯೇ ಪ್ರಮಾಣ. ಇಂಗ್ಲೆಂಡಿನಲ್ಲಿ ೧೭೯೧ರಲ್ಲಿ ಆರಂಭವಾದ ಜನರಲ್ ಸ್ಟಡ್ ಬುಕ್ಕೆಂಬ ವಂಶಪುಸ್ತಕವು ಇದಕ್ಕೆ ಮೂಲ. ಗಂಡಿನ ಸಂತತಿಯನ್ನು ಹಿಂದಕ್ಕೆ ಹಿಡಿದುಹೋದರೆ ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರು ಕುದುರೆಗಳಲ್ಲೊಂದನ್ನು ಮುಟ್ಟಬೇಕಾಗುತ್ತದೆ. ಭಾರತದಲ್ಲಿ ಪುಣೆಯ ಸ್ಟಡ್ ಬುಕ್ ಅಥಾರಿಟಿಯು ಈ ದಾಖಲೆಯನ್ನು ಇಡುತ್ತದೆ. ಮರಿಯ ತಂದೆತಾಯಿಗಳು ಡಿ.ಎನ್.ಎ. ಪರೀಕ್ಷೆಯಿಂದ ಸಿದ್ಧರಾಗಬೇಕು, ಸಹಜಸಂಯೋಗದಿಂದ ಹುಟ್ಟದ ಮರಿಗೆ ಪುಸ್ತಕದಲ್ಲಿ ಎಡೆಯಿಲ್ಲ. ಬಣ್ಣ, ಎತ್ತರ, ಚೆಲುವುಗಳನ್ನು ಯಾರೂ ಕೇಳುವುದಿಲ್ಲ. ಹೊರಗಿನ ಸಂತತಿಯು ಒಳಗೆ ಬರಬೇಕಾದರೆ ಎಂಟು ತಲೆಮಾರು ಎಡೆಬಿಡದೆ ಥರೋಬ್ರೆಡ್ಡಿನೊಡನೆ ಕೂಡಿರಬೇಕು. ಪಂದ್ಯಗಳಲ್ಲಿ ಆ ಸಂತತಿಯ ಸಾಮರ್ಥ್ಯವೂ ತೋರಿಬಂದಿರಬೇಕು. ಸ್ಮೃತಿಕಾರರ ಜಾತ್ಯುತ್ಕರ್ಷವಿಚಾರವನ್ನು ಓದಿದವರಿಗೆ ಈ ತಲೆಮಾರಿನ ಎಣಿಕೆ ಅಪರಿಚಿತವಾಗಿ ತೋರದು. ಇಲ್ಲಿ ಒಂದು ಸ್ವಾರಸ್ಯವುಂಟು. ಪ್ರತಿ ಕುದುರೆಯ ಗುರುತುಪತ್ರದಲ್ಲಿ ಅದರ ಸುಳಿಗಳಿರುವ ತಾಣಗಳನ್ನೂ ಗುರುತಿಸುತ್ತಾರೆ. ಗಂಟಲಿನ ಸುಳಿಯನ್ನು ದೇವಮಣಿಯೆಂದು ಕರೆದು ಒಡೆಯನಿಗೆ ಶುಭವೆಂದರು ಹಿಂದಿನವರು. ಈಗ ಅದು ಫಲವನ್ನು ಹೇಳದು, ‘ಇದೇ ಆ ಕುದುರೆ’ ಎಂದು ಮಾತ್ರ ಹೇಳುತ್ತದೆ. ದನದ ಜಾತ್ರೆಗಳಲ್ಲಿ ಸುಳಿಶುದ್ಧವನ್ನು ನೋಡುವ ರೈತರಿಗೆ ಹಳೆಯ ಅರ್ಥವೇ ಇನ್ನೂ ಉಳಿದಿದೆ.

ಸವಾರಿಗೆಂದೇ ಬೆಳೆಸುವ ಕುಲಗಳಲ್ಲಿ ಇಷ್ಟರಿಂದ ತೃಪ್ತಿಯಿಲ್ಲ. ಪ್ರಷ್ಯದ ಅರಸನು ೧೭೩೨ರಲ್ಲಿ ಟ್ರಾಕೇನನ್ನಿನಲ್ಲಿ ಸ್ಥಾಪಿಸಿದ ಲಾಯದಿಂದ ಬಂದ ಟ್ರಾಕೇನರ್ ಕುಲವೇ ಇದಕ್ಕೆ ಉದಾಹರಣೆ. ಅದರ ವಂಶಪುಸ್ತಕಕ್ಕೆ ಹೊರಗಿನಿಂದ ಬರಬಹುದಾದ ರಕ್ತ ಥರೋಬ್ರೆಡ್, ಅರಬ್ಬಿ ಮತ್ತು ಅವುಗಳಿಗೆ ಹತ್ತಿರದ ಕುಲಗಳದ್ದು ಮಾತ್ರ. ಆದರೆ ವಂಶಾವಳಿಯು ನಿರ್ದುಷ್ಟವಾಗಿದ್ದರೂ ಗಂಡುಕುದುರೆಗೆ ಬೀಜದ ಅಧಿಕಾರವು ತಾನಾಗಿ ಬರುವುದಿಲ್ಲ. ಸುಮಾರು ಎರಡೂವರೆ ವರ್ಷದ ಪ್ರಾಯದಲ್ಲಿ ಅದನ್ನು ಪರೀಕ್ಷಕರ ಮುಂದೆ ತರಬೇಕು. ಅಂಗಸೌಷ್ಠವ, ಮೂರು ಬಗೆಯ ನಡೆ, ಸವಾರನಿಲ್ಲದೆ ಹಾರುವ ರೀತಿ, ವೈದ್ಯಪರೀಕ್ಷೆ ಇವುಗಳಲ್ಲಿ ಗೆದ್ದರೆ ಅಂಗೀಕಾರ. ಅನಂತರ ಸವಾರನನ್ನು ಹೊತ್ತು ಸಾಮರ್ಥ್ಯವನ್ನು ತೋರಿಸಿದ ಮೇಲೆ ಅದು ಸ್ಥಿರವಾಗುವುದು. ಆಜಾನೇಯದ ಎರಡು ನಿರ್ವಚನಗಳನ್ನೂ ಒಟ್ಟಿಗೆ ಕೇಳುವ ಪದ್ಧತಿಯಿದು. ಹೆಣ್ಣುಕುದುರೆಯನ್ನೂ ಪರೀಕ್ಷಿಸುತ್ತಾರಾದರೂ ನಿರ್ಬಂಧವು ಗಂಡಿಗೇ ಹೆಚ್ಚು. ಒಂದು ಗಂಡಿನಿಂದ ಅನೇಕ ಮರಿಗಳು ಹುಟ್ಟುವುದರಿಂದ ಇದು ಯುಕ್ತವೇ ಆಗಿದೆ.

ಮಾರ್ವಾಡಿ, ಕಾಠಿಯಾವಾಡಿ ಕುದುರೆಗಳಲ್ಲಿ ಮಾತ್ರ ರೂಪಕ್ಕೆ ಇನ್ನೂ ಮೇಲ್ಗೈ. ತುದಿಗಳು ಒಂದನ್ನೊಂದು ಮುಟ್ಟುವಂತೆ ಒಳಕ್ಕೆ ಬಾಗಿದ ಕಿವಿಯೇ ಅವುಗಳ ಮೊದಲ ಗುರುತು. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯು ಇವನ್ನು ಪ್ರತ್ಯೇಕ ತಳಿಗಳೆಂದು ದಾಖಲಿಸಿದೆ. ಈಚೆಗೆ ಆ ಪಟ್ಟಿಗೆ ಭೀಮಾನದಿಯ ಮೇಲ್ದಂಡೆಯ ಭೀಮಥಡಿ ಕುದುರೆಯೂ ಸೇರಿತು. ಆದರೆ ಈ ದಾಖಲೆಯು ತಳಿಗೆ ಕೊಟ್ಟ ಮನ್ನಣೆ. ಒಂದೊಂದು ಪ್ರಾಣಿಯ ಕುಲೀನತೆಗೆ ಕೊಟ್ಟುದಲ್ಲ. ಅದಕ್ಕೆ ತಲೆಮಾರುಗಟ್ಟಲೆ ತಂದೆತಾಯಿಗಳ ಹೆಸರನ್ನು ಬರೆದಿಟ್ಟ ಪುಸ್ತಕವೇ ಬೇಕು; ಕೌಟಿಲ್ಯನ ಆರು ವಿಷಯಗಳಲ್ಲಿ ಮೊದಲನೆಯದು ತುಂಬುವುದು ಅದರಿಂದಲೇ.