ಮೊದಲು ನೀರನ್ನು ಸಾಕಬೇಕು

1846ರಲ್ಲಿ ಇಂಗ್ಲೆಂಡಿನ ಟಾರ್ಕಿ ಕಡಲತೀರಕ್ಕೆ ಹೋಗಿದ್ದ ಆ್ಯನಾ ಥಿನ್ ಎಂಬ ಮಹಿಳೆ ಕೆಲವು ಜೀವಂತ ಹವಳಗಳನ್ನು ಸೂಜಿದಾರದಿಂದ ಸ್ಪಂಜಿಗೆ ಹೊಲಿದು, ಕಡಲನೀರಿನ ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದರು. ಅಲ್ಲಿ ಹೊಸ ಕಡಲನೀರು ಸಿಗುವುದು ಕಷ್ಟ. ಹಾಗಾಗಿ ಮನೆಗೆಲಸದಾಕೆಗೆ ವಿಚಿತ್ರವಾದ ಕೆಲಸವೊಂದು ಗಂಟುಬಿತ್ತು: ತೆರೆದ ಕಿಟಕಿಯ ಮುಂದೆ ನಿಂತು, ನಾವು ಕಾಫಿ ಆರಿಸುವಂತೆ, ಇದ್ದ ನೀರನ್ನೇ ದಿನಾ ಅರ್ಧ ಮುಕ್ಕಾಲು ಗಂಟೆ ಎತ್ತಿ ಸುರಿಯುವುದು. ಹವಳ ಬದುಕಿತು. ಆಕೆಯ ತೋಳುಗಳೇ ಅಂದಿನ ಏರ್ ಪಂಪು.

1853ರಲ್ಲಿ ಲಂಡನ್ ಮೃಗಾಲಯ ಮತ್ಸ್ಯಾಗಾರ ತೆರೆಯಿತು. ಮರುವರ್ಷ ಫಿಲಿಪ್ ಗಾಸ್ ಬರೆದ ಪುಸ್ತಕ ಮನೆಮನೆಗೂ ಕಡಲಜೀವಿ ಸಾಕುವ ಗೀಳು ಹಚ್ಚಿತು.

ನೀರು ಕೆಡದಂತೆ ಕಾಯುವ ಗುಟ್ಟು ಮಾತ್ರ ಬಹುಕಾಲ ಕೈಗೆ ಸಿಗಲಿಲ್ಲ. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್, ಹವಳದ ದಿಬ್ಬದಿಂದ ತಂದ ಕಲ್ಲು ಮತ್ತು ಗಾಳಿಗುಳ್ಳೆ ಸಾಕು ಎಂದು ಬರೆದರು. ಆ ಕಲ್ಲಿನ ಸಂದುಗಳಲ್ಲಿರುವ ಬ್ಯಾಕ್ಟೀರಿಯಾ ಮೀನಿನ ಕಸದ ಅಮೋನಿಯವನ್ನು ತಿಂದುಹಾಕುತ್ತದೆ. 1964ರಲ್ಲಿ ಅಮೆರಿಕದಲ್ಲಿ ‘ಇನ್‌ಸ್ಟಂಟ್ ಓಷನ್’ ಎಂಬ ಕೃತಕ ಕಡಲುಪ್ಪು ಬಂತು. ಸಮುದ್ರದಿಂದ ನೂರಾರು ಮೈಲಿ ದೂರದ ಊರಲ್ಲೂ ಕಡಲು ಕದಡುವುದು ಸಾಧ್ಯವಾಯಿತು. ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ನೂರು ಲೀಟರ್ ತೊಟ್ಟಿಗೆ ಮೂರೂವರೆ ಕೆಜಿ ಬೇಕು. ಅಡುಗೆ ಉಪ್ಪು ಸುರಿದರೆ ನಡೆಯದು.

ಬರ್ಲಿನ್ನಿನ ಹವ್ಯಾಸಿಗಳು, ಅವರಲ್ಲೂ ಡೀಟ್ರಿಶ್ ಸ್ಟ್ಯೂಬರ್, ಕಲ್ಲಿನ ಜೊತೆಗೆ ಪ್ರೋಟೀನ್ ಸ್ಕಿಮ್ಮರ್ ನೆಚ್ಚಿಕೊಂಡರು. ಕೊಳವೆಯಲ್ಲಿ ಏಳುವ ಸಣ್ಣ ಗುಳ್ಳೆಗಳಿಗೆ ಕೊಳೆ ಅಂಟಿ ನೊರೆಯಾಗಿ ಮೇಲೆ ಬರುತ್ತದೆ; ಆಲೆಮನೆಯ ಕೊಪ್ಪರಿಗೆಯಿಂದ ಮಡ್ಡಿ ತೆಗೆದ ಹಾಗೆ. ಮೇಲಿನ ಬಟ್ಟಲಲ್ಲಿ ಡಿಕಾಕ್ಷನ್ ಬಣ್ಣದ ನೀರು ನಿಲ್ಲುತ್ತದೆ. ವಾಸನೆಯ ಮಾತು ಬೇಡ.

2003ರಲ್ಲಿ ‘ಫೈಂಡಿಂಗ್ ನೀಮೋ’ ಬಂದ ಮೇಲೆ ಮಕ್ಕಳಿಗೆ ಕ್ಲೌನ್ ಮೀನೇ ಬೇಕಾಯಿತು. ಸಿನಿಮಾ ಹೇಳದ ಸಂಗತಿ: ಹೆಣ್ಣು ಸತ್ತರೆ ಜೊತೆಯ ಗಂಡೇ ಹೆಣ್ಣಾಗುತ್ತದೆ! ಈ ಮೀನನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿದ್ಯೆ 1970ರ ದಶಕದಿಂದಲೇ ಇದೆ; ನಮ್ಮ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಗೂ ಅದು ಒಲಿದಿದೆ. ಹವಳದ ವಿಷಯ ಬೇರೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಅದನ್ನು ನಮ್ಮ ಕಡಲಿನಿಂದ ಕಿತ್ತು ತಂದರೆ ಹುಲಿ ಬೇಟೆಯ ಸಾಲಿನ ಅಪರಾಧ.

ಇಷ್ಟೆಲ್ಲ ಸಲಕರಣೆ ಬಂದರೂ ಒಂದು ಕೆಲಸಕ್ಕೆ ಅಡ್ಡದಾರಿ ಕಡಿಮೆ. ಉಪ್ಪುನೀರು ತುಂಬಿ, ಕಲ್ಲು ಜೋಡಿಸಿ, ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ ನಾಲ್ಕಾರು ವಾರ ಕಾಯಬೇಕು. ಅಷ್ಟು ದಿನ ಮನೆಗೆ ಬಂದವರೆಲ್ಲ ದೀಪ ಹಾಕಿದ ತೊಟ್ಟಿಯಲ್ಲಿ ಬರಿಯ ಕಲ್ಲು ನೋಡಿ, ಮೀನೆಲ್ಲಿ ಎಂದು ಕೇಳುತ್ತಾರೆ.