ಕೊಕ್ಕೆ ಮರೆತ ಕೈ

ನೋಯ್ಡಾದಲ್ಲೋ ಗುರುಗ್ರಾಮದಲ್ಲೋ ಏಳುತ್ತಿರುವ ಬಹುಮಹಡಿ ಕಟ್ಟಡದ ಎದುರು ಅರ್ಧ ಗಂಟೆ ನಿಂತು ನೋಡಿ. ಸಾರುವೆಯ ಮೇಲಿರುವವನ ಕೈ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಿರುತ್ತದೆ. ಸೇಫ್ಟಿ ಬೆಲ್ಟಿನ ಹಗ್ಗದ ತುದಿಯಲ್ಲಿ ಅಂಗೈಯಗಲದ ಉಕ್ಕಿನ ಕೊಕ್ಕೆ. ಅದನ್ನು ಒಂದು ಪೈಪಿನಿಂದ ಬಿಡಿಸಬೇಕು, ಎರಡು ಹೆಜ್ಜೆ ಸರಿಯಬೇಕು, ಮುಂದಿನ ಪೈಪಿಗೆ ಸಿಕ್ಕಿಸಬೇಕು. ಜೋಡಿ ಕೊಕ್ಕೆಯ ಬೆಲ್ಟಾದರೆ ಒಂದನ್ನು ಬಿಡಿಸುವಾಗ ಇನ್ನೊಂದು ಹಿಡಿದಿರುತ್ತದೆ. ಒಂಟಿ ಕೊಕ್ಕೆಯಾದರೆ ಆ ಎರಡು ಹೆಜ್ಜೆಯ ಹೊತ್ತು ಅವನಿಗೆ ಆಸರೆ ಅವನ ಗಮನವೊಂದೇ. ಸರಿದಾದ ಮೇಲೆ ಕೊಕ್ಕೆ ಸಿಕ್ಕಿಸುವುದು ಮರೆತುಹೋದರೆ ಅದೂ ಇಲ್ಲ.

ಆಮೇಲೆ ಏನಾದರೂ ಆದರೆ ವರದಿಯಲ್ಲಿ ಬರೆಯುವ ಪದ ಸಿದ್ಧವಾಗಿಯೇ ಇರುತ್ತದೆ: ಕಾರ್ಮಿಕನ ನಿರ್ಲಕ್ಷ್ಯ. ಈ ಪದದ ಬಗ್ಗೆ ನನಗೆ ಗಟ್ಟಿಯಾದ ತಕರಾರಿದೆ. ಇನ್ನೊಂದು ಕ್ಷಣದಲ್ಲಿ ಏನು ಮಾಡಬೇಕು ಎಂಬುದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಲು ಮಿದುಳಿನಲ್ಲಿರುವ ಜಾಗ ಬಹಳ ಚಿಕ್ಕದು. ಊರಿನಲ್ಲಿ ಜ್ವರ ಬಂದು ಮಲಗಿದ ಮಗು, ಬಡ್ಡಿ ಬೆಳೆಯುತ್ತಿರುವ ಸಾಲ, ಕೈಗೆ ಬಾರದ ಕೂಲಿ, ಎಲ್ಲವೂ ಬಂದು ಕೂರುವುದು ಅದೇ ಜಾಗದಲ್ಲಿ.

ಇದನ್ನು ಅಳತೆ ಮಾಡಿ ನೋಡಿದವರಿದ್ದಾರೆ. ಅರ್ಥಶಾಸ್ತ್ರಜ್ಞರಾದ ಸುಪ್ರೀತ್ ಕೌರ್, ಸೆಂಧಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರು ಒಡಿಶಾದಲ್ಲಿ ಊಟದ ಎಲೆ ಹಚ್ಚುವ ಕೂಲಿಕಾರರ ನಡುವೆ ಒಂದು ಪ್ರಯೋಗ ನಡೆಸಿದರು. ಕೆಲಸವೂ ಅದೇ, ಒಟ್ಟು ಕೂಲಿಯೂ ಅದೇ. ಕೆಲವರಿಗೆ ಮಾತ್ರ, ಅದುವರೆಗೆ ದುಡಿದದ್ದರ ಹಣ ಒಂದಷ್ಟು ದಿನ ಮೊದಲೇ ಕೈ ಸೇರಿತು. ಹಣ ಬಂದವರು ಮರುದಿನದಿಂದಲೇ ಸುಮಾರು ಶೇಕಡ 7ರಷ್ಟು ಹೆಚ್ಚು ಎಲೆ ಹಚ್ಚಿದರು. ನನಗೆ ಮುಖ್ಯವಾಗಿ ಕಂಡದ್ದು ಇನ್ನೊಂದು ಸಂಗತಿ: ಅವರ ತಪ್ಪುಗಳೂ ಕಡಿಮೆಯಾದವು. ಎಲೆ ಹಚ್ಚುವಾಗ ತಪ್ಪಿದರೆ ಕಡ್ಡಿಯೊಂದು ವ್ಯರ್ಥ. ಸಾರುವೆಯ ಮೇಲೆ ತಪ್ಪಿದರೆ?

ದೆಹಲಿ ಸುತ್ತಲಿನ ಅನೇಕ ಸೈಟುಗಳಲ್ಲಿ ಠೇಕೇದಾರ ವಾರಕ್ಕೊಮ್ಮೆ ಕೊಡುವುದನ್ನು ‘ಖರ್ಚಿ’ ಎನ್ನುತ್ತಾರೆ. ಗೋಧಿಹಿಟ್ಟು, ಬೇಳೆ, ಮೊಬೈಲ್ ರೀಚಾರ್ಜಿಗೆ ಆಗುವಷ್ಟು ದುಡ್ಡು. ಉಳಿದ ಲೆಕ್ಕ ಚುಕ್ತಾ ಆಗುವುದು ಬಿಹಾರಕ್ಕೋ ಬುಂದೇಲಖಂಡಕ್ಕೋ ಹೊರಡುವ ದಿನ. ಅಲ್ಲಿಯತನಕ ತನ್ನದೇ ದುಡಿಮೆ ಬೇರೊಬ್ಬನ ಕಿಸೆಯಲ್ಲಿ. ಬೆಂಗಳೂರಿಗೆ ಗುಳೆ ಬರುವ ಯಾದಗಿರಿ, ರಾಯಚೂರಿನವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾರವಾರ ಪೂರ್ತಿ ಬಟವಾಡೆ ಮಾಡುವುದನ್ನೂ ಹೆಲ್ಮೆಟ್ಟಿನ ಜೊತೆಗೆ ಸುರಕ್ಷತೆಯ ಪಟ್ಟಿಯಲ್ಲಿ ಬರೆಯಬೇಕೆಂದು ನಾನು ಹೇಳುವುದು ಇದಕ್ಕೇ.

ಇನ್ನು ನಿದ್ದೆ. ನಿದ್ದೆ ಹತ್ತಬೇಕಾದರೆ ಮೈಯ ಒಳಗಿನ ಬಿಸಿ ತುಸು ಇಳಿಯಬೇಕು. ಅದಕ್ಕಾಗಿ ಅಂಗೈ, ಅಂಗಾಲುಗಳ ರಕ್ತನಾಳಗಳು ಹಿಗ್ಗಿ ಬಿಸಿಯನ್ನು ಹೊರಗೆ ಬಿಡುತ್ತವೆ. ಸುತ್ತಲಿನ ಗಾಳಿಯೇ ಕಾದಿದ್ದರೆ ಆ ಬಿಸಿ ಹೋಗುವುದೆಲ್ಲಿಗೆ? 2024ರ ಜೂನ್ ನಡುವಿನ ಒಂದು ರಾತ್ರಿ ದೆಹಲಿಯ ಸಫ್ದರ್‌ಜಂಗ್ ಕೇಂದ್ರದಲ್ಲಿ ಕನಿಷ್ಠ ತಾಪಮಾನವೇ 35 ಡಿಗ್ರಿ ದಾಟಿತ್ತು. ಹಗಲೆಲ್ಲ ಕಾದ ತಗಡಿನ ಶೆಡ್ಡಿನಲ್ಲಿ, ಎಂಟು ಹತ್ತು ಜನರ ನಡುವೆ ಮಲಗಿದವನ ಪಾಡು ಊಹಿಸಿ. ನಿದ್ದೆಗೆಟ್ಟವನು ಬೆಳಿಗ್ಗೆ ಎಚ್ಚರವಾಗಿರುವಂತೆಯೇ ಕಾಣುತ್ತಾನೆ. ಆದರೆ ನಡುನಡುವೆ ಒಂದೆರಡು ಸೆಕೆಂಡು ಅವನ ಮಿದುಳು ತೂಕಡಿಸಿಬಿಡುತ್ತದೆ, ಕಣ್ಣು ತೆರೆದಿದ್ದಾಗಲೂ. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆಂದು ಪ್ರಯೋಗಗಳು ತೋರಿಸಿವೆ.

ಚೆನ್ನೈನಲ್ಲಿ ಕಡಿಮೆ ಆದಾಯದ ಜನರ ಮಣಿಕಟ್ಟಿಗೆ ಚಲನೆ ಅಳೆಯುವ ಪಟ್ಟಿ ಕಟ್ಟಿ ನೋಡಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ರಾತ್ರಿ ಎಂಟು ಗಂಟೆ ಮಲಗಿದರೂ ನಿಜವಾದ ನಿದ್ದೆ ಐದೂವರೆ ಗಂಟೆ. ಆ ನಿದ್ದೆಯನ್ನು ಅರ್ಧ ತಾಸಿನಷ್ಟು ಹೆಚ್ಚಿಸಿದರೂ ಹಗಲಿನ ಕೆಲಸದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಆದರೆ ಕೆಲಸದ ಜಾಗದಲ್ಲೇ ಮಧ್ಯಾಹ್ನ ಅರ್ಧ ಗಂಟೆ ನಿಶ್ಚಿಂತೆಯಿಂದ ಮಲಗಲು ಬಿಟ್ಟಾಗ ಗಮನವೂ ಮನಸ್ಸಿನ ನೆಮ್ಮದಿಯೂ ಸುಧಾರಿಸಿದವು. 2024ರ ಮೇ ತಿಂಗಳ ಬಿಸಿಲಿನಲ್ಲಿ ದೆಹಲಿಯ ಉಪರಾಜ್ಯಪಾಲರು ಕಾರ್ಮಿಕರಿಗೆ ಮಧ್ಯಾಹ್ನ 12ರಿಂದ 3ರವರೆಗೆ ಕೂಲಿ ಕಡಿಯದೆ ಬಿಡುವು ಕೊಡಬೇಕೆಂದು ಸೂಚಿಸಿದ್ದರು. ಬಿಸಿಲಾಘಾತ ತಪ್ಪಿಸಲು ಬಂದ ಆ ಬಿಡುವಿಗೆ ಒಂದು ನೆರಳು, ಒಂದು ಚಾಪೆ ಸೇರಿದರೆ ಅದು ಬೀಳುವ ಅಪಾಯವನ್ನೂ ಇಳಿಸೀತು.

ಚಳಿಗಾಲದ ಕಥೆ ಬೇರೆ. ಗಾಳಿ ತೀರಾ ಕೆಟ್ಟಾಗ ಕಟ್ಟಡ ಕೆಲಸಕ್ಕೆ ತಡೆ ಬೀಳುತ್ತದೆ. 2024ರ ನವೆಂಬರ್ 18ರಂದು ದೆಹಲಿಯಲ್ಲಿ ವಾಯುಮಾಲಿನ್ಯ ನಿರ್ಬಂಧಗಳ ನಾಲ್ಕನೇ ಹಂತ ಜಾರಿಯಾದಾಗ, ದೂಳು ಕುಡಿದು ದುಡಿಯುತ್ತಿದ್ದವರು ಅದೇ ದೂಳಿನ ಹೆಸರಿನಲ್ಲಿ ಕೂಲಿ ಕಳೆದುಕೊಂಡರು. ಕಟ್ಟಡ ಕಾರ್ಮಿಕರಿಗಾಗಿ ವಸೂಲಿ ಮಾಡಿದ ಸೆಸ್ಸಿನ ಹಣದಿಂದ ಅವರಿಗೆ ಜೀವನಾಧಾರ ಭತ್ಯೆ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ದೆಹಲಿ ಸರ್ಕಾರ ಗೊತ್ತು ಮಾಡಿದ್ದು 8,000 ರೂಪಾಯಿ. ಮೊದಲು ಸಂದಾಯವಾದದ್ದು 2,000. ಅದೂ ನೋಂದಾಯಿತರಾದ ಸುಮಾರು 90 ಸಾವಿರ ಮಂದಿಗೆ. ನೋಂದಣಿಗೆ ಹಿಂದಿನ ವರ್ಷದಲ್ಲಿ 90 ದಿನ ದುಡಿದದ್ದಕ್ಕೆ ದಾಖಲೆ ಬೇಕು. ಬೆಳಿಗ್ಗೆ ಲೇಬರ್ ಚೌಕದಲ್ಲಿ ನಿಂತು ದಿನಕ್ಕೊಬ್ಬ ಮಾಲೀಕನ ಹಿಂದೆ ಹೋಗುವವನಿಗೆ ಆ ಕಾಗದ ಬರೆದುಕೊಡುವವರು ಯಾರು?

ಚಿಂತೆ ಕಸಿಯುವುದು ಗಮನವನ್ನಷ್ಟೇ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ 1,70,924 ಮಂದಿಯಲ್ಲಿ ಶೇಕಡ 26ಕ್ಕೂ ಹೆಚ್ಚು ಜನ ದಿನಗೂಲಿಗಳು. ಅವರಲ್ಲಿ ಕಟ್ಟಡ ಕೆಲಸದವರು ಎಷ್ಟು ಎಂದು ಆ ಅಂಕಿ ಬಿಡಿಸಿ ಹೇಳುವುದಿಲ್ಲ. ನಮ್ಮ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಕಾಯಿಲೆಗೆ ತಕ್ಕಂತೆ ಶೇಕಡ 70ರಿಂದ 92ರಷ್ಟು ಮಾನಸಿಕ ರೋಗಿಗಳಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅದೇ ನಿಮ್ಹಾನ್ಸ್ ಮುಂದೆ ನಿಂತು 2022ರಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಪ್ರತಿ ಶೆಡ್ಡಿನ ಬಾಗಿಲ ಮೇಲೆ ಈ ಐದು ಅಂಕಿಗಳನ್ನು ಬಣ್ಣದಲ್ಲಿ ದಪ್ಪಗೆ ಬರೆಸಲು ಎಷ್ಟು ಖರ್ಚಾದೀತು?

ಹೆಣ್ಣಾಳುಗಳ ಚಿಂತೆಗೆ ದೆಹಲಿಯೇ ಒಂದು ದಾರಿ ತೋರಿಸಿತ್ತು. 1969ರಲ್ಲಿ ಗಾಂಧಿ ಶತಮಾನೋತ್ಸವದ ಪ್ರದರ್ಶನಕ್ಕಾಗಿ ರಾಜಘಾಟ್ ಬಳಿ ಕಟ್ಟಡಗಳು ಏಳುತ್ತಿದ್ದವು. ಅಮ್ಮಂದಿರು ತಲೆಹೊರೆ ಹೊತ್ತು ಓಡಾಡುವಾಗ ಕೂಸುಗಳು ಅಲ್ಲೇ ಮಣ್ಣು ದೂಳಿನಲ್ಲಿ ಬಿದ್ದಿರುವುದನ್ನು ಕಂಡ ಮೀರಾ ಮಹಾದೇವನ್, ಅಲ್ಲೇ ಒಂದು ಗುಡಾರ ಹಾಕಿಸಿ ಮಕ್ಕಳನ್ನು ನೋಡಿಕೊಳ್ಳಲು ಶುರು ಮಾಡಿದರು. ಮೊಬೈಲ್ ಕ್ರೆಶಸ್ ಸಂಸ್ಥೆ ಹುಟ್ಟಿದ್ದು ಹಾಗೆ. 1996ರ ಕಟ್ಟಡ ಕಾರ್ಮಿಕರ ಕಾನೂನು, 50ಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ಕಡೆ ಶಿಶುವಿಹಾರ ಕಡ್ಡಾಯ ಮಾಡಿತು. ಅದಿಲ್ಲದ ಸೈಟಿನಲ್ಲಿ ಇಟ್ಟಿಗೆ ಹೊತ್ತು ಹಲಗೆಯ ಮೇಲೆ ಹತ್ತುವ ತಾಯಿ ನಾಲ್ಕು ಹೆಜ್ಜೆಗೊಮ್ಮೆ ಕೆಳಗೆ ತಿರುಗಿ ನೋಡುವುದು ಮರಳ ಗುಡ್ಡೆಯ ಕಡೆಗೆ. ಅವಳ ಕೂಸು ಮಲಗಿರುವುದು ಅಲ್ಲಿ.